ಕೊರಿಯನ್ ಮಾತಿಗೆ ಎಮ್ಮಿ ಮಣಿದ ರಾತ್ರಿ

2022ರ ಸೆಪ್ಟೆಂಬರ್ 12ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ 74ನೇ ಪ್ರೈಮ್‌ಟೈಮ್ ಎಮ್ಮಿ ಸಮಾರಂಭ ಅಮೆರಿಕದ ಟೆಲಿವಿಷನ್ ಚರಿತ್ರೆಯ ದೊಡ್ಡ ತಿರುವು ಎಂದೇ ನನ್ನ ಎಣಿಕೆ. ಕೊರಿಯನ್ ಭಾಷೆಯ ‘ಸ್ಕ್ವಿಡ್ ಗೇಮ್’ಗಾಗಿ ಹ್ವಾಂಗ್ ಡಾಂಗ್-ಹ್ಯೂಕ್ ಡ್ರಾಮಾ ವಿಭಾಗದ ಅತ್ಯುತ್ತಮ ನಿರ್ದೇಶಕರಾದರು, ಲೀ ಜಂಗ್-ಜೇ ಅತ್ಯುತ್ತಮ ನಾಯಕನಟರಾದರು. ಇಂಗ್ಲಿಷೇತರ ಸರಣಿಗೆ ಈ ಎರಡೂ ಗೌರವ ಸಂದದ್ದು ಅದೇ ಮೊದಲು. ಅತ್ಯುತ್ತಮ ಸರಣಿಯ ಪ್ರಶಸ್ತಿ ‘ಸಕ್ಸೆಷನ್’ ಪಾಲಾಯಿತಲ್ಲ, ಇದು ಬರೀ ಸಮಾಧಾನದ ಬಹುಮಾನವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅಲ್ಲಿ ನಟನೆಗೆ ನಟರು, ನಿರ್ದೇಶನಕ್ಕೆ ನಿರ್ದೇಶಕರೇ ಮತ ಹಾಕುತ್ತಾರೆ. ಆ ಕಸುಬು ಬಲ್ಲವರೇ ಒಪ್ಪಿ ಕೊಟ್ಟ ಗೆಲುವಿದು. ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು: ಹಣ ಹೂಡಿದ್ದು ಅಮೆರಿಕದ ನೆಟ್‌ಫ್ಲಿಕ್ಸ್ ಆದ್ದರಿಂದಲೇ ಇದಕ್ಕೆ ಸ್ಪರ್ಧೆಯ ಅರ್ಹತೆ ಸಿಕ್ಕಿತು. ಭಾಷೆಯ ಅಡ್ಡಿ ಕಳೆದರೂ ಬಂಡವಾಳದ್ದು ಉಳಿದೇ ಇದೆ. ಹೊರದೇಶದ ನಿರ್ಮಾಣಗಳಿಗೆ ಇಂಟರ್‌ನ್ಯಾಷನಲ್ ಎಮ್ಮಿ ಎಂಬ ಬೇರೆಯೇ ಪಂಕ್ತಿ. 2020ರಲ್ಲಿ ನಮ್ಮ ‘ಡೆಲ್ಲಿ ಕ್ರೈಮ್’ ಗೆದ್ದದ್ದೂ ಅಲ್ಲಿಯೇ.