ನಿಮಗಿದು ಗೊತ್ತೆ?: ಸರದಿಯಲ್ಲಿ ಅರಳುವ ಬೆಂಗಳೂರು

1760ರಲ್ಲಿ ಹೈದರಾಲಿಯು ಆರಂಭಿಸಿ, ತರುವಾಯ ಟಿಪ್ಪು ಸುಲ್ತಾನನು ದೂರದೇಶಗಳಿಂದ ಸಸ್ಯಗಳನ್ನು ತರಿಸಿ ಸಂವರ್ಧಿಸಿದ ಲಾಲ್‌ಬಾಗನ್ನು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಪುಷ್ಪಪ್ರದರ್ಶನ ಕಾಲದಲ್ಲಿ ಮಾತ್ರವೇ ಸಂದರ್ಶಿಸುವವರು, 1889ರಲ್ಲಿ ಶಂಕುಸ್ಥಾಪನೆಗೊಂಡ ಅಲ್ಲಿಯ ಗಾಜಿನಮನೆಯ ಅಲಂಕಾರವನ್ನು ಕಂಡಾರೇ ಹೊರತು, ವರ್ಷದುದ್ದಕ್ಕೂ ಒಂದರ ಬೆನ್ನಿಗೊಂದು ನಡೆಯುವ ವೃಕ್ಷಗಳ ಪುಷ್ಪೋತ್ಸವವನ್ನು ಕಾಣರು.

ಬೆಂಗಳೂರಿನ ಈ ಅನುಕ್ರಮವು ಕೇವಲ ಪ್ರಕೃತಿಯ ಲೀಲೆಯಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡ ಸಂಸ್ಥಾನದಲ್ಲಿ ಕೆಲಕಾಲವಿದ್ದು, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ಲರು, ಒಂದು ಜಾತಿಯ ಮರವು ಹೂವುದುರಿಸುವ ವೇಳೆಗೆ ಮತ್ತೊಂದು ಅರಳುವಂತೆ ವೃಕ್ಷಗಳನ್ನು ಆರಿಸಿ ನಗರದ ಬೀದಿಗಳಲ್ಲಿ ನೆಡಿಸಿದ ದೂರದೃಷ್ಟಿಯ ಫಲವದು. ಕನ್ನಂಬಾಡಿಯ ಬೃಂದಾವನದ ರಚನೆಯಲ್ಲಿಯೂ ಅವರ ಕೈಯುಂಟು.

ಚಳಿ ಹಿಂಜರಿಯುತ್ತಿರುವಾಗ ಎಲೆಯುದುರಿದ ಕೊಂಬೆಗಳಲ್ಲಿ ಟಬೂಬಿಯವು ಹಳದಿಯಾಗಿಯೂ ಗುಲಾಬಿಯಾಗಿಯೂ ಮೈದೋರಿದರೆ, ಮಾರ್ಚಿನಲ್ಲಿ ಜಕರಂಡದ ನೇರಳೆ ಮಿಶ್ರಿತ ನೀಲಿ. ಅನಂತರ ಕಡುಬೇಸಗೆಯಲ್ಲಿ ಗುಲ್‌ಮೊಹರಿನ ಕೆಂಪು, ಕಕ್ಕೆಯ ಹೊನ್ನಿನ ಗೊಂಚಲು, ಹೊಳೆದಾಸವಾಳ. ಮಳೆಗಾಲ ಕಳೆದ ಮೇಲೆ ಇರುಳಿನಲ್ಲಿ ಕಂಪು ಬೀರುವ ಆಕಾಶಮಲ್ಲಿಗೆ. ನಮ್ಮವೆಂದೇ ನಾವು ಭಾವಿಸಿರುವ ಇವುಗಳಲ್ಲಿ ಗುಲ್‌ಮೊಹರಿನ ತವರು ಮಡಗಾಸ್ಕರ್, ಜಕರಂಡದ್ದು ದಕ್ಷಿಣ ಅಮೆರಿಕ. ಅಚ್ಚ ಭಾರತೀಯವಾದ ಕಕ್ಕೆಯು ಇವೆರಡರ ನಡುವೆ ಕಿಂಚಿತ್ತೂ ಕಳೆಗುಂದದಿರುವುದು ನಮಗೆ ಅಭಿಮಾನದ ಸಂಗತಿಯೇ ಸರಿ.

ಆದುದರಿಂದ ವಾಚಕರು ಪ್ರದರ್ಶನದ ಜನಸಂದಣಿಯನ್ನು ಬಿಟ್ಟು, ಏಪ್ರಿಲ್ ತಿಂಗಳ ಒಂದು ಪ್ರಾತಃಕಾಲ, ಬಿಸಿಲೇರುವ ಮುನ್ನವೇ ಲಾಲ್‌ಬಾಗಿಗೋ ಕಬ್ಬನ್ ಉದ್ಯಾನಕ್ಕೋ ತಪ್ಪದೆ ಹೋಗಿಬರಬೇಕು.