ಪ್ರಭಾರ ಪಟ್ಟಿಯಲ್ಲಿಲ್ಲದ ಆಸ್ತಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಜಮೀನು ವ್ಯಾಜ್ಯಗಳ ಬೆನ್ನು ಹತ್ತಿದವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಕಡತ ಸಿಗುತ್ತದೆ, ಓದುವವರು ಸಿಗುವುದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಸರ್ಕಾರದ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿತ್ತು. ಕಾಲದ ಲೆಕ್ಕ ಫಸಲಿ ವರ್ಷದಲ್ಲಿರುತ್ತಿತ್ತು. 1956ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಕೆಲಕಾಲ ತೊಂದರೆ ಕಾಣಲಿಲ್ಲ, ಏಕೆಂದರೆ ಉರ್ದು ಬಲ್ಲ ಗುಮಾಸ್ತರು ಕಚೇರಿಗಳಲ್ಲಿದ್ದರು. ಅವರು ಒಬ್ಬೊಬ್ಬರಾಗಿ ನಿವೃತ್ತರಾದ ಮೇಲೆ, ಕಾಗದಕ್ಕೆ ಗೆದ್ದಲು ಹಿಡಿಯದಿದ್ದರೂ ದಾಖಲೆ ಮಾತು ನಿಲ್ಲಿಸಿತು. ಸೇವೆಯ ಕೆಲವು ವರ್ಷಗಳನ್ನು ಈ ಭಾಗದಲ್ಲಿ ಕಳೆದ ನನಗೆ, ದಾಖಲೆ ಉಳಿಯುವುದು ಬೇರೆ, ಬಳಕೆಗೆ ಒದಗುವುದು ಬೇರೆ ಎಂಬ ಪಾಠ ಅಲ್ಲಿಯೇ ಸಿಕ್ಕಿತು. ಅದೇ ಪಾಠವನ್ನು ಗಣಕಯಂತ್ರದ ಮುಂದೆ ಮತ್ತೊಮ್ಮೆ ಕಲಿಯಬೇಕಾದೀತೆಂದು ಆಗ ಊಹಿಸಿರಲಿಲ್ಲ.

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಗುಲಬರ್ಗಾ ಜಿಲ್ಲೆಯಲ್ಲಿ. ಈ ಮೂರೂ ತಾಲ್ಲೂಕುಗಳು ಆಗ ಅದರ ಭಾಗವಾಗಿದ್ದವು. ಮುಂದೆ 2000–02ರ ಅವಧಿಯಲ್ಲಿ ‘ಭೂಮಿ’ ಯೋಜನೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಬಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳು ಗಣಕವನ್ನು ಸೇರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಬದಲಾಗಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಎನ್‌ಐಸಿ ಸಂಸ್ಥೆ ಈ ತಂತ್ರಾಂಶವನ್ನು ಅಂದಿನ ದಿನಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಮೈಕ್ರೋಸಾಫ್ಟ್ ಕಂಪನಿಯ ‘ವಿಷುಯಲ್ ಬೇಸಿಕ್ 6’ ಎಂಬ ಸಲಕರಣೆಯಲ್ಲಿ ಸಿದ್ಧಪಡಿಸಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತಂತ್ರಾಂಶವನ್ನು ನಡೆಸುವುದು ಒಂದು ಕೆಲಸ, ಅದನ್ನು ಬಿಚ್ಚಿ ತಿದ್ದುವುದು ಮತ್ತೊಂದು. ತಿದ್ದಲು ಎರಡು ವಸ್ತುಗಳು ಬೇಕು: ಅದನ್ನು ಬರೆದ ಮೂಲ ಪಠ್ಯ, ಅಂದರೆ ಸೋರ್ಸ್ ಕೋಡ್, ಮತ್ತು ಆ ಪಠ್ಯವನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾರ್ಪಡಿಸುವ ಸಲಕರಣೆ. 1998ರಲ್ಲಿ ಬಿಡುಗಡೆಯಾದ ವಿಷುಯಲ್ ಬೇಸಿಕ್ 6ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕಂಪನಿ 2005ರ ಮಾರ್ಚ್‌ನಲ್ಲಿಯೂ ವಿಸ್ತರಿತ ಬೆಂಬಲವನ್ನು 2008ರ ಏಪ್ರಿಲ್‌ನಲ್ಲಿಯೂ ನಿಲ್ಲಿಸಿತು. 2005ರಲ್ಲಿ ಜಗತ್ತಿನ ನಾನಾ ಕಡೆಯ ತಂತ್ರಾಂಶ ಬರಹಗಾರರು ಸಹಿ ಸಂಗ್ರಹಿಸಿ ಮನವಿ ಮಾಡಿದರೂ ಪ್ರಯೋಜನವಾಗಲಿಲ್ಲ. ಅದರ ಜಾಗಕ್ಕೆ ಬಂದ ಹೊಸ ಸಲಕರಣೆಗೆ ಹಳೆಯ ಪಠ್ಯ ನೇರವಾಗಿ ಒಗ್ಗುತ್ತಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಅಷ್ಟೇ ಬಳಕೆಯಲ್ಲಿದ್ದ ‘ಫಾಕ್ಸ್‌ಪ್ರೊ’ ಗತಿಯೂ ಅದೇ ಆಯಿತು. ಇನ್ನು ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ಘೋಷಣೆಯಾಯಿತು. ಆದರೆ ಆ ಸಲಕರಣೆಗಳಲ್ಲಿ ಹಿಂದೆ ಸಿದ್ಧವಾದ ತಂತ್ರಾಂಶಗಳು ನಿಂತುಹೋಗಲಿಲ್ಲ. ಹೊಸ ವಿಂಡೋಸ್ ಯಂತ್ರಗಳಲ್ಲಿಯೂ ಅವು ನಡೆಯುತ್ತಲೇ ಇವೆ. ಅಪಾಯ ಕಣ್ಣಿಗೆ ಬೀಳದಿರುವುದಕ್ಕೆ ಇದೇ ಕಾರಣ. ಗಡಿಯಾರ ನಡೆಯುತ್ತಿರುವಾಗ ಅದನ್ನು ಬಿಚ್ಚುವ ಉಪಕರಣ ಕಳೆದುಹೋಗಿದೆಯೆಂಬುದು ಯಾರಿಗೂ ನೆನಪಾಗುವುದಿಲ್ಲ.

‘ಭೂಮಿ’ ಉಳಿಯಿತು. ಅದಕ್ಕೊಬ್ಬ ಯಜಮಾನನಿದ್ದ, ಬರೆದ ಸಂಸ್ಥೆ ಬಾಗಿಲು ಮುಚ್ಚಲಿಲ್ಲ, ಕಾಲಕಾಲಕ್ಕೆ ಹೊಸ ರೂಪ ಕೊಡಲು ಎಂಜಿನಿಯರುಗಳಿದ್ದರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ, ಮುಂದೆ ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಯಾದಗಿರಿಯಿಂದ ಗುರುಮಠಕಲ್ ಬೇರ್ಪಟ್ಟು ಹೊಸ ತಾಲ್ಲೂಕುಗಳಾದಾಗ ದಾಖಲೆಗಳನ್ನೂ ಅದಕ್ಕೆ ತಕ್ಕಂತೆ ಮರುವಿಂಗಡಿಸಬೇಕಾಯಿತು. ಆಡಳಿತದ ನಕ್ಷೆ ಬದಲಾದರೆ ತಂತ್ರಾಂಶವೂ ಬದಲಾಗಬೇಕು. ತಿದ್ದಲಾಗದ ತಂತ್ರಾಂಶದಲ್ಲಿ ಹಳೆಯ ನಕ್ಷೆಯೇ ಉಳಿಯುತ್ತದೆ. ನಿಜವಾದ ಸಂಕಟವಿರುವುದು ಯಜಮಾನನಿಲ್ಲದ ಸಣ್ಣ ತಂತ್ರಾಂಶಗಳಲ್ಲಿ.

ಅಂಥದೊಂದಕ್ಕೆ ನಾನೇ ಸಾಕ್ಷಿ. ಒಮ್ಮೆ ನಾನು ಹೊಣೆ ಹೊತ್ತಿದ್ದ ಭೂಸ್ವಾಧೀನ ಕಚೇರಿಯಲ್ಲಿ ಪರಿಹಾರದ ಲೆಕ್ಕ ಹಾಕುವ ಪುಟ್ಟ ತಂತ್ರಾಂಶವೊಂದಿತ್ತು. ಗುತ್ತಿಗೆ ಆಧಾರದ ಮೇಲೆ ಬಂದಿದ್ದ ಹುಡುಗನೊಬ್ಬ ವರ್ಷಗಳ ಹಿಂದೆ ಅದನ್ನು ಬರೆದುಕೊಟ್ಟಿದ್ದ. ಸರ್ವೆ ನಂಬರು, ವಿಸ್ತೀರ್ಣ, ದರ ತುಂಬಿದರೆ ಸಾಕು, ಪಟ್ಟಿ ಹೊರಬರುತ್ತಿತ್ತು. 2014ರ ಜನವರಿ 1ರಂದು ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದಿತು. 1894ರ ಕಾಯ್ದೆಯಡಿ ಮಾರುಕಟ್ಟೆ ಮೌಲ್ಯದ ಮೇಲೆ ಶೇ 30ರಷ್ಟಿದ್ದ ಸೊಲೇಷಿಯಂ ಎಂಬ ಹೆಚ್ಚುವರಿ ಮೊತ್ತ ಶೇ 100ಕ್ಕೆ ಏರಿತು. ಗ್ರಾಮೀಣ ಜಮೀನಿನ ಬೆಲೆಯನ್ನು ನಿಗದಿತ ಗುಣಕದಿಂದ ಹೆಚ್ಚಿಸುವ ನಿಯಮವೂ ಸೇರಿತು. ನಮ್ಮ ತಂತ್ರಾಂಶ ಮಾತ್ರ 30ರಲ್ಲೇ ನಿಂತಿತ್ತು. ಆ ಅಂಕಿ ಅದರ ಒಡಲೊಳಗೆ ಬೆರೆತುಹೋಗಿತ್ತು. ಹೊರಗಿನಿಂದ ಬದಲಾಯಿಸುವ ದಾರಿ ಇರಲಿಲ್ಲ. ಹುಡುಗ ಊರು ಬಿಟ್ಟಿದ್ದ, ಮೂಲ ಪಠ್ಯ ಯಾರ ಬಳಿಯೂ ಇರಲಿಲ್ಲ, ಸಲಕರಣೆಯ ಸಿ.ಡಿ. ಯಾವ ಬೀರುವಿನಲ್ಲಿಯೂ ಸಿಗಲಿಲ್ಲ. ಕೊನೆಗೆ ನೂರಾರು ಖಾತೆಗಳ ಲೆಕ್ಕವನ್ನು ಕೈಯಲ್ಲಿ ಹಾಕಿ, ಮತ್ತೆ ಮತ್ತೆ ತಾಳೆ ನೋಡಬೇಕಾಯಿತು. ತಿಂಗಳುಗಳು ಕಳೆದವು. ಮಗಳ ಮದುವೆ ಗೊತ್ತುಮಾಡಿಕೊಂಡಿದ್ದ ರೈತರೊಬ್ಬರು ಬಂದು, ‘ಕಂಪ್ಯೂಟರ್ ಕೆಟ್ಟದೇನ್ರೀ ಸಾಹೇಬ್ರ?’ ಎಂದು ಕೇಳಿದರು. ಕೆಟ್ಟಿಲ್ಲ ಎಂದೆ. ‘ಮತ್ಯಾಕ್ರೀ ತಡ?’ ಎಂಬ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಆ ಹುಡುಗನದಲ್ಲ. ಆ ಕಚೇರಿಯ ಪ್ರಭಾರ ವಹಿಸಿಕೊಂಡ ದಿನ ನಾನು ಸಹಿ ಹಾಕಿದ ಪಟ್ಟಿಯಲ್ಲಿ ಕುರ್ಚಿ, ಮೇಜು, ಕಬ್ಬಿಣದ ಬೀರುಗಳ ಜೊತೆಗೆ ಎಂದೋ ಕೆಟ್ಟುಹೋದ ಎರಡು ಬೆರಳಚ್ಚು ಯಂತ್ರಗಳೂ ಇದ್ದವು. ಕೋಟ್ಯಂತರ ರೂಪಾಯಿಯ ಲೆಕ್ಕ ಮಾಡುತ್ತಿದ್ದ ತಂತ್ರಾಂಶ ಆ ಪಟ್ಟಿಯಲ್ಲಿರಲಿಲ್ಲ. ಅದು ಎಲ್ಲಿ ಎಂದು ನಾನೂ ಕೇಳಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಯೋಚಿಸಿದರೆ ಈ ಮರೆವಿಗೆ ಕಾರಣ ನಮ್ಮ ಲೆಕ್ಕದ ಪದ್ಧತಿಯಲ್ಲಿಯೇ ಇದೆ. ದಶಕಗಳ ಕಾಲ ನಾವು ವೆಚ್ಚವನ್ನು ಯೋಜನಾ, ಯೋಜನೇತರ ಎಂದು ಸೀಳಿದೆವು. ಕಟ್ಟುವುದು ಅಭಿವೃದ್ಧಿಯೆನಿಸಿತು, ಕಾಪಾಡುವುದು ಹೊರೆಯೆನಿಸಿತು. ಕೇಂದ್ರ ಬಜೆಟ್ 2017–18ರಿಂದ ಈ ವಿಂಗಡಣೆಯನ್ನು ಕೈಬಿಟ್ಟಿದೆ. ಮನೋಧರ್ಮ ಇನ್ನೂ ಬಿಟ್ಟಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡಿರುವ ಸುರಪುರ, ಶಹಾಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆ ತೋಡಿದ ವರ್ಷವಲ್ಲ, ಹೂಳೆತ್ತದೆ ಬಿಟ್ಟ ವರ್ಷ ಕೊನೆಯ ಹೊಲಕ್ಕೆ ನೀರು ನಿಲ್ಲುತ್ತದೆ. ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲಿನ ಕಾನೂನು, ಯಂತ್ರ, ನಕ್ಷೆ, ಲಿಪಿಸಂಕೇತಗಳು ಬದಲಾಗುತ್ತಿದ್ದರೆ, ಇದ್ದಲ್ಲಿಯೇ ಇರುವುದೂ ಒಂದು ಬಗೆಯ ಸವಕಳಿಯೇ.

ಕಂಪನಿಯನ್ನು ದೂಷಿಸಿ ಫಲವಿಲ್ಲ. ಗಿರಾಕಿಗಳು ಕಡಿಮೆಯಾದ ಸರಕನ್ನು ಕೈಬಿಡುವುದು ವ್ಯಾಪಾರದ ನ್ಯಾಯ. ಅದರಿಂದ ಉಳಿಯುವ ಹಣ ಕಂಪನಿಗೆ ಸೇರುತ್ತದೆ, ಉಂಟಾಗುವ ನಷ್ಟ ಸರತಿಯಲ್ಲಿ ನಿಂತ ನಾಗರಿಕನ ಪಾಲಾಗುತ್ತದೆ. ಈ ಅಂತರವನ್ನು ತುಂಬಬೇಕಾದದ್ದು ಸರ್ಕಾರ. ಶ್ರೀಮಂತ ದೇಶಗಳೂ ಇದರಲ್ಲಿ ಎಡವಿವೆ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಮಹಾಪೂರ ಬಂದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ದಶಕಗಳಷ್ಟು ಹಳೆಯ ಕೋಬಾಲ್ ಭಾಷೆ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೋರಬೇಕಾಯಿತು. ಉರ್ದು ಬಲ್ಲ ಮುನ್ಷಿಯನ್ನು ಹುಡುಕುವ ನಮ್ಮ ಪರಿಪಾಟಲಿಗಿಂತ ಅದೇನೂ ಭಿನ್ನವಲ್ಲ.

ಹಾಗಾದರೆ ಹಳೆಯದನ್ನೆಲ್ಲ ಎಸೆದು ಹೊಸದಾಗಿ ಬರೆಸಿದರಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಅವಸರದ ಮರುಬರಹ ಅಷ್ಟೇ ಅಪಾಯಕಾರಿ. ಹಳೆಯ ತಂತ್ರಾಂಶದೊಳಗೆ ಕೇವಲ ಸೂತ್ರಗಳಿರುವುದಿಲ್ಲ. ಯಾವ ಸುತ್ತೋಲೆಗೆ ಏನು ಮಾಡಬೇಕು, ಯಾವ ಪ್ರಕರಣಕ್ಕೆ ವಿನಾಯಿತಿ ಎಂಬ ವರ್ಷಗಳ ತಿಳಿವಳಿಕೆ ಅಡಗಿರುತ್ತದೆ. ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. ಯೂನಿಕೋಡ್ ಬರುವ ಮುನ್ನಿನ ಅಕ್ಷರ ಸಂಕೇತಗಳಲ್ಲಿ ಟೈಪಾದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏನು ಕಾಣುತ್ತದೆಂಬುದು ನುಡಿ, ಬರಹ ಬಳಸಿದ ಎಲ್ಲರಿಗೂ ಗೊತ್ತು. ಪರಿವರ್ತನೆಯಲ್ಲಿ ಒಂದು ಒತ್ತಕ್ಷರ ಜಾರಿದರೆ ಪಹಣಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಿಕೆಯಾಗದೆ, ಬೆಳೆಸಾಲಕ್ಕೆ ಹೋದ ರೈತ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹೊಸದು ಸಿದ್ಧವಾಗಿ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಹಳೆಯದನ್ನು ಸುರಕ್ಷಿತವಾಗಿ ನಡೆಸಿಕೊಂಡು ಹೋಗುವುದೇ ವಿವೇಕ. ಹಳೆಯ ಗಣಕವನ್ನು ಅದರ ಸಲಕರಣೆ ಸಮೇತ ಹೊಸ ಯಂತ್ರದೊಳಗೆ ಒಂದು ಕಡತದಂತೆ ಇರಿಸಿ ನಡೆಸುವ ತಂತ್ರ ಇಂದು ಅಗ್ಗವಾಗಿಯೇ ಲಭ್ಯವಿದೆ.

ಇದಕ್ಕೆ ಹೊಸ ನಿಗಮವೋ ಪ್ರಾಧಿಕಾರವೋ ಬೇಕಿಲ್ಲ. ಪ್ರತಿ ಕಚೇರಿಯ ಪ್ರಭಾರ ಪಟ್ಟಿಯಲ್ಲಿ ತಂತ್ರಾಂಶಗಳ ಹೆಸರು, ಬರೆದ ಸಲಕರಣೆ, ಮೂಲ ಪಠ್ಯವಿರುವ ಜಾಗ, ಬೆಂಬಲ ಮುಗಿಯುವ ದಿನಾಂಕ ಇವಿಷ್ಟನ್ನು ಕಡ್ಡಾಯವಾಗಿ ನಮೂದಿಸಬೇಕು. ಹೊರಗಿನವರಿಂದ ಬರೆಸಿದಾಗ, ಅವರು ಒಪ್ಪಿಸಿದ ಮೂಲ ಪಠ್ಯದಿಂದ ಬೇರೊಂದು ಯಂತ್ರದಲ್ಲಿ ತಂತ್ರಾಂಶವನ್ನು ಮತ್ತೆ ಕಟ್ಟಿ ತೋರಿಸಿದ ಮೇಲೆಯೇ ಕೊನೆಯ ಬಿಲ್ಲು ಪಾವತಿಯಾಗಬೇಕು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿಯೇ ಪ್ರಕಟಿಸಿದೆ. ಅದು ಟೆಂಡರಿನ ಷರತ್ತುಗಳಲ್ಲಿಯೂ ಕಾಣಬೇಕು. ಕಟ್ಟಡದ ದುರಸ್ತಿಗೆ ಇರುವಂತೆ ತಂತ್ರಾಂಶದ ನಿರ್ವಹಣೆಗೂ ಪ್ರತಿವರ್ಷ ಒಂದು ಬಾಬ್ತು ಇರಬೇಕು.

ರಾಜ್ಯದಲ್ಲಿ 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳು ಸ್ಕ್ಯಾನ್ ಆಗುತ್ತಿವೆ. ಸ್ವಾಗತಾರ್ಹ ಕೆಲಸ. ಆದರೆ ಸ್ಕ್ಯಾನ್ ಆದ ಚಿತ್ರಗಳನ್ನು ಇನ್ನು 30 ವರ್ಷಗಳ ನಂತರ ಯಾವ ಸಲಕರಣೆ ತೆರೆಯಲಿದೆ, ಅದನ್ನು ಬಲ್ಲವರು ಯಾರಿರುತ್ತಾರೆ ಎಂದು ಯೋಜನೆ ನಡೆಯುತ್ತಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಕಾಗದದ ಕಡತಕ್ಕೆ ಉರ್ದು ಬಲ್ಲ ಹಿರಿಯರೊಬ್ಬರಾದರೂ ಎಲ್ಲೋ ಸಿಕ್ಕಾರು. ತೆರೆಯಲು ಬಾರದ ಗಣಕದ ಕಡತಕ್ಕೆ ಆ ಭಾಗ್ಯವೂ ಇರಲಾರದು. ನಾಳೆ ಪ್ರಭಾರ ವಹಿಸಿಕೊಳ್ಳುವ ಕಿರಿಯ ಅಧಿಕಾರಿಗಳು ಕುರ್ಚಿ ಮೇಜುಗಳನ್ನು ಎಣಿಸಿ ಸಹಿ ಹಾಕುವ ಮುನ್ನ, ನಾನು ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯನ್ನು ಕೇಳಲಿ.