ಪೊರೆ ಒಂದೇ, ಅಂಕಿ ಹಲವು

ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪಾರದರ್ಶಕ ಪಾತ್ರೆ. ತಳದಲ್ಲಿ ದುಂಡಗೆ ಕತ್ತರಿಸಿ ಕೂರಿಸಿದ ಪೊರೆ, ಅದರ ಮೇಲೆ ಪೊರೆಗೆ ತಾಗದ ಹಾಗೆ ತೂಗುಬಿದ್ದ ಕಾಂತದ ಕಡ್ಡಿ, ಮುಚ್ಚಳಕ್ಕೆ ನೈಟ್ರೋಜನ್ ಸಿಲಿಂಡರಿನಿಂದ ಬಂದ ಪೈಪು. ಅನಿಲದ ಒತ್ತಡಕ್ಕೆ ದ್ರಾವಣ ಪೊರೆಯ ಮೂಲಕ ಸೋಸಿ ಕೆಳಗಿನ ಸಣ್ಣ ನಳಿಕೆಯಿಂದ ತೊಟ್ಟಿಕ್ಕುತ್ತದೆ. ಪ್ರಯೋಗಾಲಯದಲ್ಲಿ ಅಲ್ಟ್ರಾಫಿಲ್ಟ್ರೇಶನ್ (ಯುಎಫ್) ಪೊರೆಗಳನ್ನು ಪರೀಕ್ಷಿಸಲು ಬಳಸುವ ‘ಸ್ಟರ್ಡ್ ಸೆಲ್’ ಇದು. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರಾದ ಲೋಬ್ ಮತ್ತು ಭಾರತೀಯ ಮೂಲದ ಸೌರಿರಾಜನ್ ತೆಳುಚರ್ಮದ ಪೊರೆಯನ್ನು ತಯಾರಿಸಿದರು. 1962ರಲ್ಲಿ ಅಲನ್ ಮೈಕೇಲ್ಸ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಪೊರೆಗಳನ್ನು ತಯಾರಿಸಿದ ಅಮಿಕಾನ್ ಕಂಪನಿ ಕಟ್ಟಿದರು. ಆಮೇಲೆ ಈ ಪಾತ್ರೆ ಜೀವರಸಾಯನ ಪ್ರಯೋಗಾಲಯಗಳ ಮಾಮೂಲಿ ಸಾಮಾನಾಯಿತು. ಎಷ್ಟು ಮಾಮೂಲಿ ಎಂದರೆ, ಪೊರೆ ಎಷ್ಟು ತಡೆಯುತ್ತದೆ, ಎಷ್ಟು ಹರಿಯಬಿಡುತ್ತದೆ ಎಂದು ಅದು ಕೊಡುವ ಅಂಕಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಏಕೆಂದರೆ ಆ ಅಂಕಿ ಪೊರೆಯೊಂದರದೇ ಅಲ್ಲ. ಪೊರೆ, ಕಡ್ಡಿಯ ವೇಗ, ಒತ್ತಡ, ಉಷ್ಣಾಂಶ ಎಲ್ಲ ಸೇರಿ ಹುಟ್ಟಿದ್ದು.

‘10 ಕಿಲೋಡಾಲ್ಟನ್ ಪೊರೆ ಅಂದರೆ ಅದಕ್ಕಿಂತ ದೊಡ್ಡದೆಲ್ಲ ನಿಲ್ಲುತ್ತದೆ’

ಪೊರೆಯನ್ನು ಜರಡಿ ಎಂದು ಭಾವಿಸಿದಾಗ ಹುಟ್ಟುವ ನಂಬಿಕೆ ಇದು. ಜರಡಿಯಲ್ಲಿ ಎಲ್ಲ ಕಣ್ಣುಗಳೂ ಒಂದೇ ಅಳತೆ; ಪೊರೆಯಲ್ಲಿ ಹಾಗಿಲ್ಲ, ರಂಧ್ರಗಳು ಚಿಕ್ಕವೂ ಇರುತ್ತವೆ, ದೊಡ್ಡವೂ ಇರುತ್ತವೆ. ಕಿಲೋಡಾಲ್ಟನ್ ಎಂದರೆ ಅಣುತೂಕದ ಅಳತೆ; ಪೊಟ್ಟಣದ ಮೇಲಿನ ಆ ಸಂಖ್ಯೆಗೆ ಸಾಮಾನ್ಯವಾಗಿ ಇರುವ ಅರ್ಥ ಇಷ್ಟೇ: ಆ ತೂಕದ ಅಣುಗಳಲ್ಲಿ ಸುಮಾರು 90 ಶೇಕಡಾ ತಡೆಯಲ್ಪಡುತ್ತವೆ. ಉಳಿದ 10 ಶೇಕಡಾ ದಾಟಿಹೋಗುತ್ತದೆ. ಅದೂ ಯಾವ ಅಣುವಿನಿಂದ ಅಳೆದದ್ದು ಎಂಬುದರ ಮೇಲೆ ನಿಂತಿದೆ. ಉಂಡೆಯಾಗಿ ಮಡಿಸಿಕೊಂಡ ಪ್ರೋಟೀನು ತಡೆದು ನಿಲ್ಲುವ ಕಡೆ, ಅಷ್ಟೇ ತೂಕದ ಡೆಕ್ಸ್‌ಟ್ರಾನ್ ತನ್ನ ಬಳುಕುವ ಸರಪಳಿಯನ್ನು ತೂರಿಸಿಕೊಂಡು ಹೊರಬೀಳಬಹುದು. ಹಾಗಾಗಿ ಒಂದು ಕಂಪನಿಯ 10ಕ್ಕೂ ಇನ್ನೊಂದು ಕಂಪನಿಯ 10ಕ್ಕೂ ತಾಳೆಯಾಗಬೇಕೆಂದಿಲ್ಲ. ಉಳಿಸಿಕೊಳ್ಳಬೇಕಾದ ಪ್ರೋಟೀನಿನ ತೂಕದ ಮೂರನೇ ಒಂದು ಭಾಗದಷ್ಟು ಸಂಖ್ಯೆಯ ಪೊರೆ ಆರಿಸಿಕೊಳ್ಳುವ ರೂಢಿ ಬಂದದ್ದೂ ಇದೇ ಕಾರಣಕ್ಕೆ.

‘ಕಡ್ಡಿ ತಿರುಗುವುದು ದ್ರಾವಣ ಬೆರೆಯಲಿ ಎಂದು ಮಾತ್ರ’

ಎಲ್ಲಕ್ಕಿಂತ ದುಬಾರಿ ತಪ್ಪು ಇದು. ನೀರು ಪೊರೆಯತ್ತ ಹರಿಯುವಾಗ ಪ್ರೋಟೀನನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ನೀರು ದಾಟುತ್ತದೆ, ಪ್ರೋಟೀನು ಪೊರೆಯ ಬಾಗಿಲಲ್ಲೇ ಗುಂಪುಗೂಡುತ್ತದೆ. ಪೊರೆಗೆ ಒತ್ತಿಕೊಂಡ ಆ ತೆಳುಪದರದ ಸಾಂದ್ರತೆ ಪಾತ್ರೆಯ ಉಳಿದ ಭಾಗಕ್ಕಿಂತ ಹಲವು ಪಟ್ಟು ಏರುತ್ತದೆ. ಕಡ್ಡಿ ಇರುವುದು ಈ ಗುಂಪನ್ನು ಚದುರಿಸಿ ಮತ್ತೆ ದ್ರಾವಣಕ್ಕೆ ಸೇರಿಸಲು.

ಲೆಕ್ಕ ಹಾಕಿ ನೋಡೋಣ. ಪೊರೆ ನಿಜಕ್ಕೂ ತನ್ನ ಮುಂದಿರುವ ಅಣುಗಳಲ್ಲಿ 90 ಶೇಕಡಾ ತಡೆಯುತ್ತದೆ ಎನ್ನಿ. ಕಡ್ಡಿ ಚೆನ್ನಾಗಿ ತಿರುಗುತ್ತಿದೆ. ಪೊರೆಯ ಮುಂದಿನ ಸಾಂದ್ರತೆ ದ್ರಾವಣದ ಎರಡು ಪಟ್ಟು ಮಾತ್ರ. ಎರಡರಲ್ಲಿ ಹತ್ತನೇ ಒಂದು ಭಾಗ ದಾಟಿದರೆ, ಸೋಸಿದ ದ್ರವದಲ್ಲಿ ಮೂಲದ 20 ಶೇಕಡಾ ಸಿಗುತ್ತದೆ. ನೀವು ‘ಈ ಪೊರೆ 80 ಶೇಕಡಾ ತಡೆಯುತ್ತದೆ’ ಎಂದು ಬರೆದುಕೊಳ್ಳುತ್ತೀರಿ. ಇನ್ನು ಕಡ್ಡಿ ನಿಧಾನವಾಗಿ, ಪೊರೆಯ ಮುಂದೆ ಐದು ಪಟ್ಟು ಗುಂಪುಗೂಡಿತು ಎನ್ನಿ. ದಾಟುವುದು ಮೂಲದ 50 ಶೇಕಡಾ. ಈಗ ಪುಸ್ತಕದಲ್ಲಿ ದಾಖಲಾಗುವುದು ‘50 ಶೇಕಡಾ’. ಪೊರೆ ಅದೇ, ದ್ರಾವಣ ಅದೇ. ಬದಲಾದದ್ದು ಕಡ್ಡಿಯ ವೇಗ ಮಾತ್ರ. ವೇಗ ಬರೆಯದ ಫಲಿತಾಂಶವನ್ನು ನಾನು ಫಲಿತಾಂಶ ಎಂದು ಒಪ್ಪಲಾರೆ.

ಹಾಗೆಂದು ‘ಎಷ್ಟು ವೇಗ ತಿರುಗಿಸಿದರೆ ಅಷ್ಟು ಒಳ್ಳೆಯದು’ ಎನ್ನುವುದೂ ಸರಿಯಲ್ಲ. ವೇಗ ಎರಡು ಪಟ್ಟಾದರೆ ಚದುರಿಸುವ ಶಕ್ತಿ ಎರಡು ಪಟ್ಟಾಗುವುದಿಲ್ಲ; ಅದಕ್ಕಿಂತ ಕಡಿಮೆಯೇ ಏರುತ್ತದೆ. ಸುಳಿಯ ಗುಂಡಿ ದ್ರವದ ಆಳದ ಮೂರನೇ ಒಂದು ಭಾಗ ಮೀರಿದರೆ ಗಾಳಿ ಒಳಸೇರಿ ನೊರೆ ಏಳುತ್ತದೆ. ಆ ನೊರೆಯಲ್ಲಿ ಕಿಣ್ವಗಳು ರೂಪ ಕಳೆದುಕೊಳ್ಳುತ್ತವೆ. ಪಕ್ಕದ ಪ್ರಯೋಗಾಲಯದ ವೇಗವನ್ನು ಹಾಗೇ ನಕಲು ಮಾಡುವಂತೆಯೂ ಇಲ್ಲ: ನಿಮಿಷಕ್ಕೆ 300 ಸುತ್ತು ಎಂಬುದು 44 ಮಿ.ಮೀ. ಪೊರೆಯ ಮೇಲೆ ಮಾಡುವ ಕೆಲಸವೇ ಬೇರೆ, 76 ಮಿ.ಮೀ. ಪೊರೆಯ ಮೇಲೆ ಮಾಡುವ ಕೆಲಸವೇ ಬೇರೆ.

‘ಒತ್ತಡ ಏರಿಸಿದರೆ ಬೇಗ ಸೋಸುತ್ತದೆ’

ಬರೀ ನೀರಾದರೆ ಹೌದು. ಪ್ರೋಟೀನಿನ ದ್ರಾವಣದಲ್ಲಿ ಸ್ವಲ್ಪ ದೂರ ಮಾತ್ರ ಹೌದು. ಒತ್ತಡ ಹೆಚ್ಚಿದಷ್ಟೂ ಪೊರೆಯ ಮೇಲಿನ ಗುಂಪು ದಟ್ಟವಾಗಿ, ಕೊನೆಗೆ ಲೋಳೆಯಂಥ ಪದರವಾಗುತ್ತದೆ. ಆಮೇಲೆ ರೆಗ್ಯುಲೇಟರನ್ನು ಎಷ್ಟೇ ತಿರುಗಿಸಿ, ಪದರ ದಪ್ಪವಾಗುತ್ತದೆಯೇ ಹೊರತು ಹರಿವು ಏರುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಸೆಲ್‌ಗಳ ಮಿತಿ ಸುಮಾರು 5 ಬಾರ್. ಅದನ್ನು ಮೀರುವುದು ವ್ಯರ್ಥವಷ್ಟೇ ಅಲ್ಲ, ಅಪಾಯ. ಒತ್ತಡ ಇಳಿಸದೆ ಮುಚ್ಚಳ ಬಿಚ್ಚಲೂ ಬಾರದು. ಸಿಲಿಂಡರ್ ಖಾಲಿಯಾಯಿತೆಂದು ಕಂಪ್ರೆಸರ್ ಗಾಳಿ ಕೊಡುವವರಿದ್ದಾರೆ. ಗಾಳಿಯ ಆಮ್ಲಜನಕ ಸೂಕ್ಷ್ಮ ಪ್ರೋಟೀನುಗಳನ್ನು ಕೆಡಿಸುತ್ತದೆ, ಅದರ ಇಂಗಾಲದ ಡೈಆಕ್ಸೈಡ್ ಪಿಎಚ್ ಅಲುಗಿಸುತ್ತದೆ. ನೈಟ್ರೋಜನ್ನೇ ಬೇಕು.

‘ಹೊಸ ಪೊರೆಯನ್ನು ನೇರವಾಗಿ ಹಾಕಿ ಅಳೆಯಬಹುದು’

ಹೊಸ ಪೊರೆ ಒಣಗದಿರಲೆಂದು ಸಾಮಾನ್ಯವಾಗಿ ಗ್ಲಿಸರಿನ್ ಸವರಿರುತ್ತಾರೆ. ಹೊಳೆಯುವ ಮುಖ ಕೆಳಗಾಗಿ ನೀರಿನ ಮೇಲೆ ತೇಲಿಬಿಟ್ಟು, ಒಂದು ಗಂಟೆಯಲ್ಲಿ ಕೆಲವು ಸಲ ನೀರು ಬದಲಿಸಿದರೆ ಅದು ಹೋಗುತ್ತದೆ. ಸೆಲ್‌ನೊಳಗೆ ಇಡುವಾಗ ಮಾತ್ರ ಹೊಳೆಯುವ ಮುಖ ದ್ರಾವಣದ ಕಡೆಗೆ, ಅಂದರೆ ಮೇಲಕ್ಕೆ ಇರಬೇಕು. ಸೋಸುವ ತೆಳುಚರ್ಮ ಇರುವುದೇ ಅಲ್ಲಿ. ತಿರುಗುಮುರುಗಾದರೆ ಸ್ಪಂಜಿನಂಥ ಹಿಂಬದಿಯಲ್ಲಿ ಪ್ರೋಟೀನು ಹೂತುಹೋಗುತ್ತದೆ. ಪೊರೆ ಸರಿಯಾಗಿ ಕೂತ ಮೇಲೆ ಬರೀ ನೀರು ಹಾಯಿಸಿ, ಹರಿವು ಒಂದು ಮಟ್ಟಕ್ಕೆ ನಿಲ್ಲುವ ತನಕ ಕಾಯಬೇಕು, ಏಕೆಂದರೆ ಒತ್ತಡಕ್ಕೆ ಪೊರೆ ಮೊದಮೊದಲು ಅದುಮಿಕೊಳ್ಳುತ್ತದೆ.

ಉಷ್ಣಾಂಶವನ್ನೂ ಬರೆದಿಡಬೇಕು. 20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 1.00 ಮಿಲಿಪಾಸ್ಕಲ್-ಸೆಕೆಂಡ್, 30 ಡಿಗ್ರಿಯಲ್ಲಿ 0.80. ಪೊರೆಗಳ ಮೇಲೆ ಸಂಶೋಧನೆ ನಡೆಯುವ ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ, ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಎಸಿ ಇಲ್ಲದೆ ಅಳೆದರೆ ಅದೇ ಪೊರೆ 20 ಡಿಗ್ರಿಯ ಕೋಣೆಗಿಂತ ಸುಮಾರು 25 ಶೇಕಡಾ ಹೆಚ್ಚು ನೀರು ಬಿಟ್ಟಂತೆ ಕಾಣುತ್ತದೆ. ‘ಸುಧಾರಿತ ಪೊರೆ’ಯ ಹೆಗ್ಗಳಿಕೆಗೆ ಅಷ್ಟು ಸಾಕು!

‘ಯುಎಫ್ ಪೊರೆ ಲವಣವನ್ನೂ ತೆಗೆಯುತ್ತದೆ’

ಪ್ರಯೋಗಾಲಯದ ಆಚೆಗೂ ಹಬ್ಬಿರುವ ನಂಬಿಕೆ. ಸೆಲ್‌ಗೆ ಉಪ್ಪುನೀರು ಸುರಿದು, ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರನ್ನು ಮೇಲಿನ ನೀರಿಗೂ ಸೋಸಿದ ನೀರಿಗೂ ಅದ್ದಿ ನೋಡಿ. ಅಂಕಿ ಹೆಚ್ಚುಕಡಿಮೆ ಒಂದೇ. ಲವಣದ ಅಯಾನುಗಳು ಆ ರಂಧ್ರಗಳಿಗೆ ತೀರಾ ಚಿಕ್ಕವು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಕೂಡ ಹಾಗೆಯೇ ದಾಟಿಬರುತ್ತದೆ. ಕರೆಂಟ್ ಬೇಡದ ಯುಎಫ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಕೆಸರು ತಡೆಯುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿಸುವ ಫ್ಲೋರೈಡನ್ನು ತಡೆಯುವುದಿಲ್ಲ. ಮಾರುವವರು ಇದನ್ನು ಸ್ಪಷ್ಟವಾಗಿ ಹೇಳಬೇಕು, ಕೊಳ್ಳುವವರು ಕೇಳಬೇಕು.

‘ಸೆಲ್‌ನಲ್ಲಿ ಬಂದ ಹರಿವೇ ಕಾರ್ಖಾನೆಯಲ್ಲೂ ಬರುತ್ತದೆ’

76 ಮಿ.ಮೀ. ಪೊರೆಯಲ್ಲಿ ಕೆಲಸ ಮಾಡುವ ಜಾಗ ಸುಮಾರು 42 ಚದರ ಸೆಂ.ಮೀ. ಐದು ನಿಮಿಷದಲ್ಲಿ 20 ಮಿ.ಲೀ. ಸೋಸಿದರೆ, ಚದರ ಮೀಟರಿಗೆ ಗಂಟೆಗೆ ಸುಮಾರು 57 ಲೀಟರ್. ಈ ಲೆಕ್ಕದಲ್ಲಿ ಜಾಗವನ್ನು ಸುಮಾರು 240 ಪಟ್ಟು ಹಿಗ್ಗಿಸಿದ್ದೇವೆ. ಪೊರೆಯ ಮೇಲಿನ ಗೀರು, ಓ-ರಿಂಗ್ ಕೆಳಗಿನ ಮಡಿಕೆ ಕೂಡ ಅಷ್ಟೇ ಪಟ್ಟು ಹಿಗ್ಗುತ್ತವೆ. ಆದ್ದರಿಂದ ಒಂದೇ ಹಾಳೆಯ ಬೇರೆ ಬೇರೆ ಮೂಲೆಗಳಿಂದ ಕೆಲವು ತುಂಡು ಕತ್ತರಿಸಿ ಅಳೆಯಬೇಕು. ಜೊತೆಗೆ ಸೆಲ್‌ನಲ್ಲಿ ದ್ರಾವಣ ಇಳಿಯುತ್ತ ಹೋದಂತೆ ಗಟ್ಟಿಯಾಗುತ್ತದೆ: 50 ಮಿ.ಲೀ. 10ಕ್ಕೆ ಇಳಿಯುವಷ್ಟರಲ್ಲಿ, ಪ್ರೋಟೀನು ಪೂರ್ತಿ ತಡೆಯಲ್ಪಟ್ಟರೆ, ಸಾಂದ್ರತೆ ಐದು ಪಟ್ಟು. ಹಾಲಿನ ಡೇರಿಯಲ್ಲಿ ಹಾಲೊಡಕು (ವ್ಹೇ) ಸೋಸುವ ಯಂತ್ರದಲ್ಲಾದರೋ ದ್ರವ ಪೊರೆಯ ಉದ್ದಕ್ಕೂ ರಭಸದಿಂದ ಉಜ್ಜಿಕೊಂಡು ಹರಿಯುತ್ತದೆ. ಅಲ್ಲಿ ಗುಂಪು ಚದುರಿಸುವುದು ಆ ಹರಿವೇ. ಎರಡು ಪೊರೆಗಳಲ್ಲಿ ಯಾವುದು ಮೇಲು, ಯಾವ ಪಿಎಚ್‌ನಲ್ಲಿ ಕಡಿಮೆ ಕಟ್ಟಿಕೊಳ್ಳುತ್ತದೆ ಎಂದು ಚಮಚೆಯಷ್ಟು ಪ್ರೋಟೀನಿನಲ್ಲೇ ತಿಳಿಯಲು ಸ್ಟರ್ಡ್ ಸೆಲ್‌ನಷ್ಟು ಉಪಕಾರಿ ಇನ್ನೊಂದಿಲ್ಲ. ಕಾರ್ಖಾನೆಗೆ ಎಷ್ಟು ಚದರ ಮೀಟರ್ ಪೊರೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಬಳಸುವ ಯಂತ್ರದ ಸಣ್ಣ ಮಾದರಿಯನ್ನೇ ಅದೇ ದ್ರವದಲ್ಲಿ ಓಡಿಸಿ ನೋಡಬೇಕು.